ಕೀಟನಾಶಕ ನೀರಿನ ಕಡೆಗೋ, ಜಿಡ್ಡಿನ ಕಡೆಗೋ?

(ಹೈನುಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಔಷಧ ಹೊಡೆದ ಹೊಲದ ಮೇವನ್ನು ಹಸುವಿಗೆ ಹಾಕಿದರೆ ಅದರ ಅಂಶ ಹಾಲಿಗೆ ಇಳಿಯುತ್ತದೆಯೆ? ಇಳಿದರೆ ಮಜ್ಜಿಗೆಯಲ್ಲಿ ಉಳಿಯುವುದೋ, ತುಪ್ಪಕ್ಕೆ ಹೋಗುವುದೋ? ಹೈನುಗಾರರು ಹೀಗೆ ಕೇಳುವುದುಂಟು. (ಔಷಧವೆಂದು ರೂಢಿಯಲ್ಲಿ ಕರೆದರೂ ಅದು ವಿಷವೇ ಸರಿ.) ಆ ವಿಷಕ್ಕೆ ನೀರು ಹಿತವೋ ಜಿಡ್ಡು ಹಿತವೋ ಎಂಬುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಇದನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು.

ಒಂದರೊಡನೊಂದು ಬೆರೆಯದ ಎರಡು ದ್ರವಗಳಿಗೆ ಒಂದು ವಸ್ತುವನ್ನು ಹಾಕಿ ಕುಲುಕಿದರೆ ಅದು ಎರಡರಲ್ಲಿಯೂ ಒಂದು ನಿಶ್ಚಿತ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಜರ್ಮನಿಯ ನರ್ನ್‌ಸ್ಟ್ ಎಂಬ ವಿಜ್ಞಾನಿ 1891ರಲ್ಲಿ ಇದನ್ನು ನಿಯಮವಾಗಿ ನಿರೂಪಿಸಿದನು. ಈ ಪ್ರಮಾಣಕ್ಕೆ ಹಂಚಿಕೆ ಗುಣಾಂಕ ಎನ್ನುತ್ತಾರೆ. ಜೀವಿಗಳ ಕೊಬ್ಬಿಗೆ ಪ್ರತಿಯಾಗಿ ಹಿಂದೆ ಆಲಿವ್ ಎಣ್ಣೆಯನ್ನು ಬಳಸುತ್ತಿದ್ದರು. ಈಗ ಆಕ್ಟನಾಲ್ ಎಂಬ ದ್ರವವನ್ನು ಬಳಸುತ್ತಾರೆ. ಇದು ನೀರಿಗಿಂತ ಹಗುರ, ಮೇಲೆ ತೇಲುತ್ತದೆ.

ಅಳೆಯುವ ಕ್ರಮ ಸರಳವೆಂದು ತೋರುತ್ತದೆ, ಆದರೆ ಎಚ್ಚರ ಬೇಡುತ್ತದೆ. ಮೊದಲು ಆಕ್ಟನಾಲಿಗೆ ನೀರನ್ನೂ ನೀರಿಗೆ ಆಕ್ಟನಾಲನ್ನೂ ಹಿಡಿಯುವಷ್ಟು ಕುಡಿಸಬೇಕು. ಇಲ್ಲವಾದರೆ ಪ್ರಯೋಗದ ನಡುವೆ ಎರಡರ ಗಾತ್ರವೂ ಬದಲಾಗುತ್ತದೆ. ಬಳಿಕ ಸ್ವಲ್ಪವೇ ಕೀಟನಾಶಕ ಹಾಕಿ, ಉಷ್ಣತೆಯನ್ನು ಒಂದೇ ಮಟ್ಟದಲ್ಲಿಟ್ಟು ಕುಲುಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪದರಗಳನ್ನು ಬೇರ್ಪಡಿಸಬೇಕು. ಕೆಳಗಿನ ನೀರನ್ನು ತೆಗೆಯಲು ಸಿರಿಂಜಿನ ಸೂಜಿ ಮೇಲಿನ ಪದರವನ್ನು ದಾಟುವಾಗ ಅದರೊಳಗಿನ ಗಾಳಿಯನ್ನು ಮೆಲ್ಲಗೆ ಹೊರದೂಡುತ್ತಿರಬೇಕು, ಆಕ್ಟನಾಲ್ ಒಳಸೇರಕೂಡದು. ಎರಡು ಪದರಗಳಲ್ಲಿಯೂ ವಿಷ ಎಷ್ಟಿದೆಯೆಂದು ಅಳೆದು, ಆಕ್ಟನಾಲಿನದನ್ನು ನೀರಿನದರಿಂದ ಭಾಗಿಸಿದರೆ ಗುಣಾಂಕ ದೊರೆಯುತ್ತದೆ. ಎರಡರ ಮೊತ್ತ ಹಾಕಿದಷ್ಟಕ್ಕೆ ಸರಿಹೊಂದಬೇಕು.

ಡಿ.ಡಿ.ಟಿ.ಯಂಥದ್ದಕ್ಕೆ ಈ ಕ್ರಮ ಸಲ್ಲದು. ಅದರ ಗುಣಾಂಕ ಹತ್ತು ಲಕ್ಷಕ್ಕೂ ಮಿಗಿಲು. ಗುಣಾಂಕ ಹತ್ತು ಲಕ್ಷವೆಂದೇ ಇಟ್ಟುಕೊಳ್ಳಿ: ನೀರಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಆಕ್ಟನಾಲ್ ಹನಿಯಾಗಿ ಉಳಿದರೂ ನೀರಿನಲ್ಲಿ ಕಾಣುವ ಡಿ.ಡಿ.ಟಿ. ಎರಡರಷ್ಟಾಗುತ್ತದೆ. ಮಜ್ಜಿಗೆಯಲ್ಲಿ ಬೆಣ್ಣೆಯ ಕಣ ಉಳಿದ ಹಾಗೆ. ಇಂಥವುಗಳನ್ನು ಕುಲುಕದೆ, ದಿನಗಟ್ಟಲೆ ನಿಧಾನವಾಗಿ ಕಲಕಿ ಅಳೆಯುತ್ತಾರೆ.

ಈಗ ಹಾಲಿಗೆ ಬರೋಣ. ಒಂದು ಲೀಟರ್ ಹಾಲಿನಲ್ಲಿ ಸುಮಾರು 40 ಪಾಲು ಜಿಡ್ಡು, 960 ಪಾಲು ನೀರಿನ ಭಾಗವೆಂದು ಹಿಡಿಯಿರಿ. ಡೈಮೆಥೊಯೇಟ್‌ನ ಗುಣಾಂಕ ಐದಾರು. ಐದೆಂದರೆ 40ನ್ನು 5ರಿಂದ ಗುಣಿಸಿದ 200ಕ್ಕೆ ಎದುರಾಗಿ 960. ಅಂದರೆ ಆರರಲ್ಲಿ ಒಂದು ಪಾಲು ಮಾತ್ರ ಜಿಡ್ಡಿನಲ್ಲಿ. ಕ್ಲೋರ್‌ಪೈರಿಫಾಸ್‌ನ ಗುಣಾಂಕ ಸುಮಾರು 50,000. ಇಲ್ಲಿ 20 ಲಕ್ಷಕ್ಕೆ ಎದುರಾಗಿ ಅದೇ 960! ನೀರಿನಲ್ಲಿ ಉಳಿಯುವುದು ಎರಡು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಹಾಲಿಗೆ ಇಳಿದದ್ದು ಬಹುಮಟ್ಟಿಗೆ ಬೆಣ್ಣೆಯೊಡನೆಯೇ ಹೋಗುತ್ತದೆ. ಒಂದು ಕಿಲೋ ತುಪ್ಪಕ್ಕೆ ಇಪ್ಪತ್ತೈದು ಲೀಟರ್ ಹಾಲು ಬೇಕಷ್ಟೆ; ಇಪ್ಪತ್ತೈದು ಲೀಟರಿನ ವಿಷವೂ ಅದೇ ಡಬ್ಬಿಗೆ ಸೇರಬಹುದು.

ಆದರೆ ಗುಣಾಂಕವೊಂದನ್ನೇ ನೆಚ್ಚಬಾರದು. ಸೈಪರ್‌ಮೆಥ್ರಿನ್ ಕೂಡ ಜಿಡ್ಡಿನ ಕಡೆಯದೇ, ಆದರೂ ಹಸುವಿನ ದೇಹ ಅದರ ಬಹುಪಾಲನ್ನು ಒಡೆದು ಹೊರಹಾಕುತ್ತದೆ. ಡಿ.ಡಿ.ಟಿ. ಮಾರ್ಪಟ್ಟು ಆಗುವ ಡಿ.ಡಿ.ಇ. ಸುಲಭವಾಗಿ ಒಡೆಯದು, ಅದು ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂಡುತ್ತದೆ. ನಮ್ಮ ದೇಶದಲ್ಲಿ 1989ರಲ್ಲಿ ಡಿ.ಡಿ.ಟಿ.ಯನ್ನು ಬೇಸಾಯದಿಂದ ಹೊರಗಿಟ್ಟದ್ದು ಸರಿಯಾದ ಕೆಲಸ. ಇನ್ನು ಅಂಕಿ ಚಿಕ್ಕದಾದರೆ ವಿಷ ಸೌಮ್ಯವೆಂದೂ ತಿಳಿಯಬಾರದು. ಮಾನೋಕ್ರೊಟೊಫಾಸ್‌ನ ಗುಣಾಂಕ ಒಂದಕ್ಕಿಂತ ಕಡಿಮೆ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡದ್ದು ಈ ವಿಷದಿಂದಲೇ. ಅಲ್ಲದೆ ನೀರಿಗೆ ಒಲಿಯುವ ಡೈಮೆಥೊಯೇಟ್‌ನಂಥವು ಗಿಡದ ರಸದೊಳಗೆ ಹೊಗುವುದರಿಂದ, ಮೇವನ್ನು ತೊಳೆದರೆ ಒಳಗಿನದು ಹೋಗದು. ಜಿಡ್ಡಿಗೆ ಒಲಿಯುವವು ಎಲೆಯ ಮೇಣಕ್ಕೆ ಅಂಟಿಕೊಳ್ಳುತ್ತವೆ. ಅವಕ್ಕೂ ಬರೀ ನೀರು ಸಾಲದು. ಚೀಟಿಯಲ್ಲಿ ಕಾಣಿಸಿರುವ ಕಾಯುವ ದಿನಗಳು ಮುಗಿಯುವ ತನಕ ಆ ಮೇವನ್ನು ಕೊಯ್ಯದಿರುವುದೇ ದಾರಿ.

ಈ ಅಂಕಿಯನ್ನು ನೋಡಬಯಸುವವರು ತಯಾರಕರ ಸುರಕ್ಷತಾ ಮಾಹಿತಿ ಪತ್ರವನ್ನು ಅಂಗಡಿಯವರಲ್ಲಿ ಕೇಳಿ ಪಡೆಯಿರಿ. ಅದರ 9ನೆಯ ವಿಭಾಗದಲ್ಲಿ ಹಂಚಿಕೆ ಗುಣಾಂಕದ ಸಾಲು ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಲಾಗ್ ಲೆಕ್ಕದಲ್ಲಿ ಬರೆದಿರುತ್ತಾರೆ: 1 ಎಂದರೆ ಹತ್ತು, 2 ಎಂದರೆ ನೂರು, 4.7 ಎಂದರೆ ಸುಮಾರು ಐವತ್ತು ಸಾವಿರ.