ಈ ಸುಸ್ತು ಎಲ್ಲಿಂದ ಬಂತು?

(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಸುಸ್ತಿನ ವಿಷಯ ಮಾತಾಡೋಣ. ಸುಸ್ತು ಯಾರಿಗೆ ಗೊತ್ತಿಲ್ಲ? ದಿನವೆಲ್ಲ ಕಳೆ ಕಿತ್ತರೆ ಸುಸ್ತಾಗುತ್ತದೆ. ರಾತ್ರಿ ಮಲಗಿ ಎದ್ದರೆ ಹೋಗುತ್ತದೆ. ಅದು ದುಡಿಮೆಯ ಸುಸ್ತು. ಅದಕ್ಕೆ ಹೆದರಬೇಕಿಲ್ಲ.

ಇನ್ನೊಂದು ಸುಸ್ತು ಇದೆ. ಅದು ಮಲಗಿ ಎದ್ದರೂ ಹೋಗುವುದಿಲ್ಲ. ಬೆಳಿಗ್ಗೆಯೇ ಕೈಕಾಲು ಸೋತಿರುತ್ತವೆ. ಒಂದು ಕೊಡ ನೀರು ಹೊತ್ತರೆ ಎದೆ ಡವಡವ ಅನ್ನುತ್ತದೆ. ಕೂತು ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಮನೆಯಲ್ಲಿ ಇದಕ್ಕೆ ಏನಂತಾರೆ? ಸೋಮಾರಿತನ ಅಂತಾರೆ. ಕೇಳಿ ಕೇಳಿ ನಾವೂ ಹಾಗೇ ಅಂದುಕೊಳ್ಳುತ್ತೇವೆ. "ಹೆಣ್ಣು ಜನ್ಮ, ಇದೆಲ್ಲ ಇದ್ದದ್ದೇ" ಅಂತ ಸುಮ್ಮನಾಗುತ್ತೇವೆ.

ನಮ್ಮ ಸಂಘದ ಒಬ್ಬ ತಂಗಿಯ ಕತೆ ಕೇಳಿ. ಎರಡು ಮಕ್ಕಳ ತಾಯಿ. ಅವಳಿಗೆ ಹಸಿ ಅಕ್ಕಿ ತಿನ್ನುವ ಚಟ. ಮೂಟೆಗೆ ಕೈ ಹಾಕಿ ಕದ್ದು ತಿನ್ನುತ್ತಿದ್ದಳು. ಅತ್ತೆ ನೋಡಿ "ಅಕ್ಕಿ ಕಳ್ಳಿ" ಅಂತ ಬೈದರು. ನಾವೂ ನಕ್ಕೆವು. ನಗಬಾರದಿತ್ತು. ಒಂದು ದಿನ ಅವಳು ಗದ್ದೆ ಬದುವಿನ ಮೇಲೆ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಹಿಮೋಗ್ಲೋಬಿನ್ ಬರೀ 7 ಇತ್ತು. ಹೆಂಗಸರಿಗೆ 12 ಇರಬೇಕು. ಬಸುರಿಗೆ 11 ಆದರೂ ಇರಬೇಕು. ಅಕ್ಕಿ, ಮಣ್ಣು, ಬಳಪ ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ರಕ್ತ ಕಡಿಮೆ ಆದದ್ದರ ಗುರುತು ಅಂತ ನರ್ಸಮ್ಮ ಹೇಳಿದರು. ಅದು ಕಳ್ಳತನ ಅಲ್ಲ, ಕಾಯಿಲೆ.

ಅವಳೊಬ್ಬಳೇ ಅಲ್ಲ. 2019ರಿಂದ 2021ರವರೆಗೆ ಸರ್ಕಾರ ದೇಶದಲ್ಲೆಲ್ಲ ಕುಟುಂಬ ಆರೋಗ್ಯ ಸಮೀಕ್ಷೆ ಮಾಡಿಸಿತು. 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಜನರಿಗೆ ರಕ್ತ ಕಡಿಮೆ ಇತ್ತು. ನಮ್ಮ ಕರ್ನಾಟಕದಲ್ಲಿ ಸುಮಾರು 48 ಜನರಿಗೆ. ಇಲ್ಲಿ ನಾವು 20 ಜನ ಕೂತಿದ್ದೇವೆ. ಲೆಕ್ಕ ಕಲಿತಿದ್ದೀರಿ, ನೀವೇ ಹಾಕಿ.

ರಕ್ತದಲ್ಲಿ ಕಬ್ಬಿಣದ ಅಂಶ ಇರುತ್ತದೆ. ನಾವು ಎಳೆದ ಉಸಿರನ್ನು ಮೈಗೆಲ್ಲ ಮುಟ್ಟಿಸುವುದು ಅದೇ. ಅದು ಕಡಿಮೆಯಾದರೆ ಕೈಗೆ, ಕಾಲಿಗೆ, ತಲೆಗೆ ಉಸಿರು ಸಾಲದು. ಆಗ ಸುಸ್ತು.

ಆ ಕಬ್ಬಿಣ ಎಲ್ಲಿ ಹೋಗುತ್ತದೆ? ತಿಂಗಳ ಮುಟ್ಟಿನಲ್ಲಿ ಹೋಗುತ್ತದೆ. ಹೆರಿಗೆಯಲ್ಲಿ ಹೋಗುತ್ತದೆ. ಬರಿಗಾಲಲ್ಲಿ ಬಯಲಿಗೆ ಹೋದರೆ ಕೊಕ್ಕೆಹುಳು ಅಂಗಾಲಿನಿಂದ ಒಳಗೆ ಸೇರುತ್ತದೆ. ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಹೋದದ್ದು ಊಟದಿಂದ ವಾಪಸು ಬರಬೇಕು. ಆದರೆ ನಾವು ಉಣ್ಣುವುದು ಯಾವಾಗ? ಎಲ್ಲರೂ ಉಂಡ ಮೇಲೆ. ಅಷ್ಟು ಹೊತ್ತಿಗೆ ಸೊಪ್ಪು, ಕಾಳು ಬಡಿಸಿ ಆಗಿರುತ್ತದೆ. ನಮಗೆ ಮುದ್ದೆ, ತಿಳಿಸಾರು. ಸೊಪ್ಪು ಸೋಸಿದವರು ನಾವು, ಬೇಯಿಸಿದವರು ನಾವು. ನಮ್ಮ ಪಾಲು ಮೊದಲೇ ತೆಗೆದಿಟ್ಟರೆ ತಪ್ಪೇನು?

ನಮ್ಮ ಊಟದಲ್ಲೇ ಒಳ್ಳೆಯದು ಇದೆ. ನುಗ್ಗೆ ಸೊಪ್ಪು, ದಂಟು, ಹೊಲದ ಬೆರಕೆ ಸೊಪ್ಪು ತಿನ್ನಿ. ಹುರುಳಿಕಾಳು ಮೊಳಕೆ ಕಟ್ಟಿ ಸಾರು ಮಾಡಿ. ಮೊಳಕೆ ಬಂದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಬಸ್ಸಾರು ಮಾಡಿ. ಊಟಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿ, ಇಲ್ಲವೇ ನೆಲ್ಲಿಕಾಯಿ ಕಡಿಯಿರಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ರಕ್ತಕ್ಕೆ ಬೇಗ ಸೇರುತ್ತದೆ. ಮಾಂಸ, ಮೀನು ತಿನ್ನುವವರು ನಾಚದೆ ತಿನ್ನಿ. ಟೀ ಮಾತ್ರ ಊಟದ ಜೊತೆ ಬೇಡ. ಒಂದು ಗಂಟೆ ಬಿಟ್ಟು ಕುಡಿಯಿರಿ. ಟೀ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ಇದು ಕಷ್ಟ, ನಮಗೂ ಗೊತ್ತು!

ಬೀಟ್‌ರೂಟ್ ಕೆಂಪಗಿದೆ, ತಿಂದರೆ ರಕ್ತ ಆಗುತ್ತದೆ ಅಂತಾರೆ. ಬಣ್ಣದಿಂದ ರಕ್ತ ಆಗುವುದಿಲ್ಲ. ಹಸಿರು ನುಗ್ಗೆ ಸೊಪ್ಪಿನಲ್ಲಿ ಅದಕ್ಕಿಂತ ಹೆಚ್ಚು ಕಬ್ಬಿಣ ಇದೆ.

ಒಂದು ಮಾತು ಮುಚ್ಚಿಡಬಾರದು. ರಕ್ತ 7ಕ್ಕೆ ಇಳಿದವರಿಗೆ ಸೊಪ್ಪು, ಬೆಲ್ಲ ಮಾತ್ರ ಸಾಲದು. ಔಷಧಿ ಬೇಕೇ ಬೇಕು. ಆ ತಂಗಿಗೆ ಜಂತುಹುಳದ ಮಾತ್ರೆ, ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟ ಆದ ಮೇಲೆ ನುಂಗಿ. ಅವಳು ನಾಲ್ಕು ದಿನಕ್ಕೇ ಬಿಡಲು ಹೊರಟಿದ್ದಳು. ಅತ್ತೆಯೇ ದಿನಾ ಕೈಗೆ ಮಾತ್ರೆ ಇಟ್ಟು ನುಂಗಿಸಿದರು. ಹೌದು, ಅದೇ ಅತ್ತೆ. ಮೂರು ತಿಂಗಳಿಗೆ ಅಕ್ಕಿಯ ಆಸೆ ತಾನಾಗೇ ಹೋಯಿತು.

ಎಲ್ಲ ಸುಸ್ತೂ ರಕ್ತ ಕಡಿಮೆಯಿಂದಲೇ ಬರುವುದಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ ಇದ್ದರೂ ಸುಸ್ತು ಬರುತ್ತದೆ. ಮನಸ್ಸಿನ ದುಃಖದಿಂದಲೂ ಬರುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ, ಮುಟ್ಟು ಏಳು ದಿನ ದಾಟಿದರೆ, ಮೈ ಇಳಿಯುತ್ತಿದ್ದರೆ ಡಾಕ್ಟರ ಹತ್ತಿರ ಬಿಚ್ಚಿ ಹೇಳಿ.

ಗುರುವಾರ ಬೆಳಗಿನ ಬಸ್ಸಿಗೆ ನಾವು ಎಂಟು ಜನ ಆರೋಗ್ಯ ಕೇಂದ್ರಕ್ಕೆ ಹೊರಟಿದ್ದೇವೆ. ರಕ್ತ ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ಸಾಕು. ಬರುವವರ ಹೆಸರು ಬರೆಯಲು ಪುಸ್ತಕ ಇಲ್ಲಿದೆ. ಪೆನ್ನು ತಗೊಳ್ಳಿ. ನಾವು ಬರೆಯುವುದಿಲ್ಲ, ನೀವೇ ಬರೆಯಿರಿ.