ಹದಿನೇಳರ ಹುಡುಗನನ್ನು ಅಳೆಯುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಶಾಲೆಯ ಹೊಸ ಬ್ಯಾಸ್ಕೆಟ್‌ಬಾಲ್ ಅಂಕಣದ ಉದ್ಘಾಟನೆಯ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ಅಂಕಣವೇನೋ ಸಿದ್ಧವಾಯಿತು. ಮುಂದಿನ ತಿಂಗಳು ಒಂದು ದಿನ ಆಯ್ಕೆ ನಡೆಸಿ, ಹನ್ನೆರಡು ಹುಡುಗರನ್ನೂ ಹನ್ನೆರಡು ಹುಡುಗಿಯರನ್ನೂ ಆರಿಸಿ, ಅವರಿಗೆ ತರಬೇತಿ ಕೊಡಿಸಬೇಕೆಂದು ನಮ್ಮ ಸಂಘ ತೀರ್ಮಾನಿಸಿದೆ. ಈ ತೀರ್ಮಾನದ ಬಗ್ಗೆ ನನ್ನದೊಂದು ತಕರಾರಿದೆ. ಸಭೆಯಲ್ಲಿ ಎತ್ತಿದಾಗ, "ಅದನ್ನೆಲ್ಲ ಭಾಷಣದಲ್ಲಿ ಹೇಳಪ್ಪ, ಈಗ ಊಟಕ್ಕೆ ಹೊತ್ತಾಯಿತು" ಅಂದರು. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಕೆಲಸದ ಮೇಲೆ ನಾನು ಎರಡು ವರ್ಷ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೆ. ಅಲ್ಲಿ ಸಹೋದ್ಯೋಗಿಯೊಬ್ಬರ ಮಗ ಹೈಸ್ಕೂಲ್ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಒಂದು ಶುಕ್ರವಾರ ರಾತ್ರಿ ನನ್ನನ್ನೂ ಆಟ ನೋಡಲು ಕರೆದುಕೊಂಡು ಹೋದರು. ಊರಿಗೆ ಊರೇ ಅಲ್ಲಿತ್ತು, ನಮ್ಮಲ್ಲಿ ಜಾತ್ರೆಗೆ ಸೇರುವ ಹಾಗೆ. ಮೇಲಿನ ಸಾಲಿನಲ್ಲಿ ಒಬ್ಬ ವ್ಯಕ್ತಿ ಚಪ್ಪಾಳೆ ತಟ್ಟದೆ, ಕೂಗದೆ, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಯಾರೆಂದು ಕೇಳಿದೆ. ಕಾಲೇಜೊಂದರ ಪರವಾಗಿ ಹುಡುಗರನ್ನು ನೋಡಲು ಬಂದವರಂತೆ. ಅಲ್ಲಿಂದ ನನಗೆ ಈ ಹುಚ್ಚು ಹಿಡಿಯಿತು: ಹದಿನಾರು ಹದಿನೇಳು ವರ್ಷದ ಹುಡುಗನನ್ನು ನೋಡಿ, ಇವನು ಮುಂದೆ ಏನಾಗುತ್ತಾನೆಂದು ಹೇಳಲು ಇವರು ಏನೇನು ಅಳೆಯುತ್ತಾರೆ? ಅದರಲ್ಲಿ ಎಷ್ಟು ನಿಜವಾಗುತ್ತದೆ?

ಅಮೆರಿಕದಲ್ಲಿ ಹೈಸ್ಕೂಲ್ ತಂಡಗಳಿಗೆ ಆಡುವ ಹುಡುಗರು ಐದು ಲಕ್ಷಕ್ಕೂ ಹೆಚ್ಚು. ಅವರ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಮೂವತ್ತು ತಂಡ, ತಂಡಕ್ಕೆ ಹದಿನೈದು ಕಾಯಂ ಆಟಗಾರರಂತೆ ನಾನೂರ ಐವತ್ತು ಜಾಗ. ಅದಕ್ಕೂ ಇಡೀ ಪ್ರಪಂಚದವರು ಸ್ಪರ್ಧಿಗಳು. ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್ ಎಂಬ ಆಯ್ಕೆಯಲ್ಲಿ ಸುಮಾರು ಅರವತ್ತು ಹೊಸ ಹೆಸರು ಕರೆಯುತ್ತಾರೆ. ಹೀಗಾಗಿ ಹೈಸ್ಕೂಲ್ ಹುಡುಗರಿಗೂ ರಾಷ್ಟ್ರಮಟ್ಟದ ಕ್ರಮಾಂಕ ಇದೆ. ಐದು ನಕ್ಷತ್ರದ ಹುಡುಗ, ನಾಲ್ಕು ನಕ್ಷತ್ರದ ಹುಡುಗ, ಹೋಟೆಲಿಗೆ ಕೊಡುವ ಹಾಗೆ! ಬೇಸಿಗೆಯಲ್ಲಿ ಶೂ ಕಂಪನಿಗಳೇ ಪಂದ್ಯಾವಳಿ ನಡೆಸಿ ಇವರನ್ನು ಆಡಿಸುತ್ತವೆ.

ಏನೇನು ಅಳೆಯುತ್ತಾರೆ ಅಂದರೆ, ಶೂ ಬಿಚ್ಚಿಸಿ ಎತ್ತರ. ಎರಡು ಕೈ ಚಾಚಿದಾಗ ಬೆರಳ ತುದಿಯಿಂದ ತುದಿಗೆ ಎಷ್ಟು. ನಿಂತಲ್ಲೇ ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೆ. ಎಷ್ಟು ಎತ್ತರ ನೆಗೆಯುತ್ತಾನೆ. ರಿಂಗ್ ನೆಲದಿಂದ ಹತ್ತಡಿ ಮೇಲಿದೆ. ಆದ್ದರಿಂದ ಇವೆಲ್ಲ ಬೇಕು, ಇಲ್ಲವೆನ್ನಲಾಗದು. ಜಾಣ ಪರೀಕ್ಷಕರು ಇನ್ನೂ ಕೆಲವನ್ನು ನೋಡುತ್ತಾರೆ. ಹುಡುಗ ಸರಾಸರಿ ಇಪ್ಪತ್ತೈದು ಪಾಯಿಂಟ್ ಗಳಿಸಿದ ಅಂದರೆ, ಯಾರ ಎದುರು? ಏಳಡಿಯ ಹುಡುಗ ಐದೂಮುಕ್ಕಾಲು ಅಡಿಯವರ ನಡುವೆ ನಿಂತು ಬುಟ್ಟಿಗೆ ಚೆಂಡು ಹಾಕಿದರೆ ಅದು ಆಟವಲ್ಲ, ಅಟ್ಟಕ್ಕೆ ಸಾಮಾನು ಎತ್ತಿಡುವ ಕೆಲಸ. ದೂರದ ಹೊಡೆತ ಮುಂದೆ ಚೆನ್ನಾಗಿ ಕೂರುತ್ತದೆಯೇ ಎಂದು ತಿಳಿಯಲು ಫ್ರೀ ಥ್ರೋ ಲೆಕ್ಕ ನೋಡುತ್ತಾರೆ. ಅಲ್ಲಿ ಯಾರೂ ಅಡ್ಡ ಬರುವುದಿಲ್ಲ. ಕೈಯ ಹದ ಮಾತ್ರ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ವಯಸ್ಸು. ಒಂದೇ ಆಟ ಆಡುವ ಇಬ್ಬರಲ್ಲಿ ಒಬ್ಬನಿಗೆ ಹದಿನೇಳು, ಇನ್ನೊಬ್ಬನಿಗೆ ಹತ್ತೊಂಬತ್ತು ಎಂದರೆ ಅದು ಒಂದೇ ಆಟವಲ್ಲ. ಇದು ಗೊತ್ತಿರುವ ಕೆಲವು ತಂದೆತಾಯಿ, ತರಗತಿಯಲ್ಲಿ ಮಗ ದೊಡ್ಡವನಾಗಿ ಕಾಣಲೆಂದೇ ಬೇಕೆಂದು ಒಂದು ವರ್ಷ ಹಿಂದೆ ಉಳಿಸುತ್ತಾರೆ. ನಮ್ಮ ಶಾಲೆಯಲ್ಲಿ ಈ ಲೆಕ್ಕ ನಡೆಯಲಾರದು ಬಿಡಿ. ನನ್ನ ತರಗತಿಯಲ್ಲಿ ಹನ್ನೊಂದು ಜನರ ಜನ್ಮದಿನ ಜೂನ್ 1. ದಾಖಲು ಮಾಡಿಕೊಂಡ ಮೇಷ್ಟ್ರು ಅದನ್ನೇ ಬರೆದಿದ್ದರು. ನನ್ನದೂ ಅದೇ.

ಈಗ ಇಬ್ಬರ ಕತೆ ಹೇಳುತ್ತೇನೆ. ಕೊಲಂಬಸ್‌ನಿಂದ ಎರಡು ಗಂಟೆಯ ದಾರಿಯಲ್ಲಿ ಆಕ್ರನ್ ಎಂಬ ಊರಿದೆ. 1984ರಲ್ಲಿ ಅಲ್ಲಿ ಹುಟ್ಟಿದವನು ಲೆಬ್ರಾನ್ ಜೇಮ್ಸ್. ಹದಿನೇಳನೇ ವಯಸ್ಸಿಗೆ, ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ, 2002ರಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟಕ್ಕೆ ಬಂದ. ಶಾಲೆಯ ಆಟಗಳನ್ನು ವಿಶ್ವವಿದ್ಯಾಲಯದ ದೊಡ್ಡ ಕ್ರೀಡಾಂಗಣಕ್ಕೆ ಸ್ಥಳಾಂತರಿಸಬೇಕಾಯಿತು, ಅಷ್ಟು ಜನ. ಕಾಲೇಜಿಗೆ ಹೋಗದೆ 2003ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಇಪ್ಪತ್ತು ವರ್ಷದ ನಂತರ, 2023ರಲ್ಲಿ, ಎನ್‌ಬಿಎ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವನಾದ. ಅಂದರೆ ಅಳತೆ ಸರಿಯಾಯಿತು. ಪಟ್ಟಿಯ ತುತ್ತತುದಿಯಲ್ಲಿರುವ ಒಬ್ಬಿಬ್ಬರ ವಿಷಯದಲ್ಲಿ ಪರೀಕ್ಷಕರ ಮಾತು ಬಹಳ ಸಲ ಸರಿ ಹೋಗುತ್ತದೆ. ಈ ಕ್ರಮಾಂಕವೆಲ್ಲ ಸುಳ್ಳು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ.

ಅದೇ ಆಕ್ರನ್‌ನಲ್ಲಿ 1988ರಲ್ಲಿ ಇನ್ನೊಬ್ಬ ಹುಟ್ಟಿದ, ಸ್ಟೀಫನ್ ಕರಿ. ತಂದೆಯೇ ಎನ್‌ಬಿಎ ಆಟಗಾರ. ಹುಡುಗ ಬೆಳೆದದ್ದು ಷಾರ್ಲಟ್‌ನಲ್ಲಿ. ಹೈಸ್ಕೂಲಿನಲ್ಲಿ ಸಣಕಲ. ಬಲ ಸಾಲದೆ ಚೆಂಡನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದ. ದೊಡ್ಡವರೆದುರು ಇದು ನಡೆಯದೆಂದು ತಂದೆ ಒಂದು ಬೇಸಿಗೆಯಿಡೀ ಅವನ ಎಸೆತವನ್ನು ಬಿಚ್ಚಿ ಮತ್ತೆ ಜೋಡಿಸಿದರು. ಆ ಬೇಸಿಗೆಯಲ್ಲಿ ಯಾರಾದರೂ ಪರೀಕ್ಷಕ ಬಂದು ನೋಡಿದ್ದರೆ ಏನು ಬರೆದುಕೊಂಡು ಹೋಗುತ್ತಿದ್ದ? ತಂದೆ ಆಡಿದ್ದ ವರ್ಜೀನಿಯಾ ಟೆಕ್ ಕೂಡ ವಿದ್ಯಾರ್ಥಿವೇತನ ಕೊಡಲಿಲ್ಲ. ಬೇಕಾದರೆ ಸ್ವಂತ ಖರ್ಚಿನಲ್ಲಿ ಬಂದು ತಂಡದಲ್ಲಿರು ಅಂದಿತು. ಕೊನೆಗೆ ಡೇವಿಡ್ಸನ್ ಎಂಬ ಸಣ್ಣ ಕಾಲೇಜು ಕರೆಯಿತು.

ಡೇವಿಡ್ಸನ್‌ಗಾಗಿ ಆಡಿದ ಮೊದಲ ಆಟದಲ್ಲಿ ಕರಿ ಹದಿಮೂರು ಸಲ ಚೆಂಡು ಕಳೆದುಕೊಂಡ. ಹದಿಮೂರು! ನಮ್ಮ ಪಿ.ಟಿ. ಮೇಷ್ಟ್ರಾಗಿದ್ದರೆ ಮೂರನೆಯದಕ್ಕೇ ಸೀಟಿ ಊದಿ ಹೊರಗೆ ಕೂರಿಸುತ್ತಿದ್ದರು. ಅವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಕ್ಷಮಿಸಬೇಕು. ಆದರೆ ಅಲ್ಲಿನ ತರಬೇತುದಾರ ಬಾಬ್ ಮಕಿಲಪ್ ಮುಂದಿನ ಆಟದಲ್ಲೂ ಅವನನ್ನು ಇಳಿಸಿದರು. ಎದುರಾಳಿ ಮಿಶಿಗನ್. ಹುಡುಗ 32 ಅಂಕ ಗಳಿಸಿದ. 2009ರ ಡ್ರಾಫ್ಟ್‌ನಲ್ಲೂ ಅವನು ಏಳನೆಯವನು; ಅವನಿಗಿಂತ ಮೊದಲು ಒಂದೇ ತಂಡ, ಅವನದೇ ಜಾಗದಲ್ಲಿ ಆಡುವ ಇಬ್ಬರು ಹುಡುಗರನ್ನು ಒಬ್ಬರ ಹಿಂದೆ ಒಬ್ಬರಂತೆ ಆರಿಸಿಕೊಂಡಿತ್ತು. ಇಂದು ಎನ್‌ಬಿಎಯಲ್ಲಿ ಮೂರು ಅಂಕದ ಹೊಡೆತ ಅತಿ ಹೆಚ್ಚು ಹಾಕಿದವನು ಕರಿ.

ಒಂದೇ ಊರಿನಲ್ಲಿ ಹುಟ್ಟಿದ ಇಬ್ಬರು. ಒಬ್ಬನ ದೇಹ ಹದಿನೇಳಕ್ಕೇ ಮುಗಿದ ಮನೆ, ಹೋಗಿ ನೋಡಬಹುದು. ಇನ್ನೊಬ್ಬನದು ಆಗಷ್ಟೇ ಪಾಯ ತೋಡಿದ ನಿವೇಶನ. ಪಟ್ಟಿ ಹಿಡಿದವರಿಗೆ ಎರಡನೆಯದನ್ನು ಅಳೆಯುವುದು ಕಷ್ಟ. ಷಿಕಾಗೋದ ಆಂತನಿ ಡೇವಿಸ್ ಹೈಸ್ಕೂಲಿನ ಮಧ್ಯದಲ್ಲಿ ಅರ್ಧ ಅಡಿಗೂ ಹೆಚ್ಚು ಬೆಳೆದ. ಬೆಳೆಯುವ ಮುಂಚೆ ಅವನ ಹೆಸರು ಯಾವ ದೊಡ್ಡ ಪಟ್ಟಿಯಲ್ಲೂ ಇರಲಿಲ್ಲ. 2012ರಲ್ಲಿ ಡ್ರಾಫ್ಟ್‌ನ ಮೊದಲ ಹೆಸರೇ ಅವನದು. ಗಿಡ್ಡನಾಗಿದ್ದಾಗ ಕಲಿತ ಚೆಂಡಿನ ಹಿಡಿತ ಉದ್ದನಾದ ಮೇಲೂ ಅವನಲ್ಲಿ ಉಳಿದಿತ್ತು. 2007ರಲ್ಲಿ ಕೆವಿನ್ ಡುರಾಂಟ್ ಡ್ರಾಫ್ಟ್ ಪೂರ್ವ ಪರೀಕ್ಷೆಯಲ್ಲಿ 84 ಕಿಲೋ ಭಾರವನ್ನು ಮಲಗಿ ಒಂದು ಸಲವೂ ಎತ್ತಲಾರದೆ ಹೋದ. ಆ ವರ್ಷ ಮೊದಲನೆಯವನಾಗಿ ಆಯ್ಕೆಯಾದವನು ಗ್ರೆಗ್ ಓಡನ್. ಆತನ ಮೊಣಕಾಲು ಕೈಕೊಟ್ಟು ಇಡೀ ಎನ್‌ಬಿಎ ಬದುಕು 105 ಆಟಕ್ಕೆ ಮುಗಿಯಿತು. ಎರಡನೆಯವನಾದ ಡುರಾಂಟ್ ಮೂವತ್ತು ಸಾವಿರ ಅಂಕ ದಾಟಿದ. ಓಡನ್‌ನನ್ನು ಆರಿಸಿದವರನ್ನು ನಾನು ದಡ್ಡರೆನ್ನಲಾರೆ. ಮೊಣಕಾಲಿನ ನಾಳೆಯನ್ನು ಯಾವ ಟೇಪಿನಿಂದ ಅಳೆಯುವುದು?

ನಮ್ಮ ದೇಶದ ಹುಡುಗನೂ ಈ ತಕ್ಕಡಿಯಲ್ಲಿ ಕುಳಿತದ್ದುಂಟು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿಗೂ ಮೇಲೆ. ಹದಿನಾಲ್ಕರ ಹೊತ್ತಿಗೆ ಅವನನ್ನು ಫ್ಲೋರಿಡಾದ ಅಕಾಡೆಮಿಗೆ ಕರೆದೊಯ್ದರು. 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಎನ್‌ಬಿಎಗೆ ಆಯ್ಕೆಯಾದ ಮೊದಲಿಗ. ಲೀಗಿನ ಒಂದೂ ಆಟ ಆಡಲು ಅವಕಾಶ ಸಿಗಲಿಲ್ಲ. ಈಗ ವೃತ್ತಿಪರ ಕುಸ್ತಿಯಲ್ಲಿದ್ದಾನೆ. ಎತ್ತರ ಬಾಗಿಲವರೆಗೆ ಕರೆತಂದಿತು, ಒಳಗೆ ಕೂರಿಸಲಿಲ್ಲ.

ಇನ್ನು ಮೈಕೆಲ್ ಜೋರ್ಡನ್. ಹೈಸ್ಕೂಲ್ ತಂಡದಿಂದ ಅವನನ್ನು ತೆಗೆದು ಹಾಕಿದ್ದರು ಎಂಬ ಕತೆ ನೀವೂ ಕೇಳಿರಬಹುದು, ವಾಟ್ಸಾಪಿನಲ್ಲಿ ದಿನಕ್ಕೊಂದು ಸಲ ಬರುತ್ತದೆ. ನಡೆದದ್ದು ಸ್ವಲ್ಪ ಬೇರೆ. ಹದಿನೈದರ ಜೋರ್ಡನ್ ಆರಡಿಯೂ ಇರಲಿಲ್ಲ. ಅವನ ಶಾಲೆ ಅವನಿಗಿಂತ ಉದ್ದದ ಸಹಪಾಠಿಯನ್ನು ಮೊದಲ ತಂಡಕ್ಕೆ ಹಾಕಿಕೊಂಡಿತು. ಜೋರ್ಡನ್‌ನನ್ನು ಮನೆಗೆ ಕಳಿಸಲಿಲ್ಲ, ಎರಡನೆಯ ತಂಡಕ್ಕೆ ಹಾಕಿತು. ಅಲ್ಲಿ ಅವನು ವರ್ಷವಿಡೀ ಆಡಿದ. ಅಷ್ಟರಲ್ಲಿ ಬೆಳೆದ. ವಾಟ್ಸಾಪಿನವರು ಛಲದ ಕತೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಆ ಎರಡನೆಯ ತಂಡ. ಅದು ಇಲ್ಲದಿದ್ದರೆ ಛಲವನ್ನು ಎಲ್ಲಿ ಆಡಿಸುತ್ತಿದ್ದ?

ಇದೇ ಜೋರ್ಡನ್ ಮುಂದೆ ವಾಷಿಂಗ್ಟನ್ ತಂಡದ ಆಡಳಿತದಲ್ಲಿದ್ದಾಗ, 2001ರಲ್ಲಿ, ಮೊದಲ ಆಯ್ಕೆಯ ಅವಕಾಶ ಸಿಕ್ಕಿತು. ಕ್ವಾಮೆ ಬ್ರೌನ್ ಎಂಬ ಹೈಸ್ಕೂಲ್ ಹುಡುಗನನ್ನು ಆರಿಸಿದ. ಹೈಸ್ಕೂಲಿನಿಂದ ನೇರವಾಗಿ ಬಂದು ಮೊದಲ ಸ್ಥಾನ ಪಡೆದ ಪ್ರಥಮ ಹುಡುಗ ಆತ. ಹನ್ನೆರಡು ಋತು ಆಡಿದನಾದರೂ ಮೊದಲ ಸ್ಥಾನದವನಿಂದ ನಿರೀಕ್ಷಿಸಿದ್ದು ಬರಲಿಲ್ಲ. ಅದೇ ವರ್ಷ 28ನೆಯವನಾಗಿ ಆಯ್ಕೆಯಾದ ಟೋನಿ ಪಾರ್ಕರ್ ನಾಲ್ಕು ಸಲ ಚಾಂಪಿಯನ್ ಆದ. ತಾನೇ ತಪ್ಪು ಅಳತೆಗೆ ಸಿಕ್ಕಿ ಬಂದವನು, ಆಟವನ್ನು ಅಷ್ಟು ಬಲ್ಲವನು, ಅವನಿಗೂ ಕಾಣಲಿಲ್ಲ. 2006ರ ಡ್ರಾಫ್ಟ್‌ನಿಂದ ಹೈಸ್ಕೂಲ್ ಹುಡುಗರನ್ನು ನೇರವಾಗಿ ತೆಗೆದುಕೊಳ್ಳುವುದನ್ನೇ ಲೀಗ್ ನಿಲ್ಲಿಸಿತು: ಹತ್ತೊಂಬತ್ತು ತುಂಬುವ ವರ್ಷವಾಗಿರಬೇಕು, ಹೈಸ್ಕೂಲ್ ಮುಗಿಸಿ ಒಂದು ವರ್ಷ ಆಗಿರಬೇಕು.

ನನ್ನ ಕಸುಬಿನ ಒಂದು ಮಾತು ಹೇಳಬೇಕು. ಎನ್‌ಬಿಎಯಲ್ಲಿ ಈಗ ಆಡುತ್ತಿರುವವರನ್ನಷ್ಟೇ ಸಾಲಾಗಿ ನಿಲ್ಲಿಸಿ, ಎತ್ತರಕ್ಕೂ ಗಳಿಸಿದ ಅಂಕಕ್ಕೂ ತಾಳೆ ನೋಡಿದರೆ ದೊಡ್ಡ ಸಂಬಂಧ ಕಾಣುವುದಿಲ್ಲ. ಹಾಗಂತ ಎತ್ತರ ಬೇಡವೆ? ಬೇಕು. ಗಿಡ್ಡವರು ಅಷ್ಟರೊಳಗೆ ಜರಡಿಯಿಂದ ಉದುರಿ ಹೋಗಿರುತ್ತಾರೆ, ಅದಕ್ಕೆ ಕಾಣದು. ನಾವು ದತ್ತಾಂಶ ಎಂದು ಕರೆಯುವುದೆಲ್ಲ ಜರಡಿಯ ಮೇಲೆ ಉಳಿದವರದು. ಕೆಳಗೆ ಬಿದ್ದವರಲ್ಲಿ ಎಷ್ಟು ಕರಿಗಳಿದ್ದರು ಎಂಬ ಲೆಕ್ಕ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಆರಿಸಿದವನು ವಿಫಲನಾದರೆ ಪತ್ರಿಕೆಯಲ್ಲಿ ಬರುತ್ತದೆ. ಬಿಟ್ಟವನು ಸುಮ್ಮನೆ ಆಡುವುದನ್ನು ನಿಲ್ಲಿಸುತ್ತಾನೆ, ಅಷ್ಟೇ.

ಇದು ನನಗೆ ಹೇಗೆ ಗೊತ್ತು ಅಂದರೆ, ಅಂಥ ಪಟ್ಟಿಯೊಂದನ್ನು ನಾನೇ ಬರೆದಿದ್ದೇನೆ. ಒಂಬತ್ತನೇ ತರಗತಿಯಲ್ಲಿ ನಾನು ಲೀಡರ್. ವಾಲಿಬಾಲ್‌ಗೆ ತಾಲ್ಲೂಕು ಮಟ್ಟಕ್ಕೆ ಹೋಗುವವರ ಹೆಸರು ಬರಿ ಅಂದರು. ಗೋಡೆಗೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆ ಮುಟ್ಟಿದವರ ಹೆಸರು ಬರೆದೆ. ನನ್ನ ಬೆಂಚಿನ ಗೆಳೆಯ ಎರಡು ಬೆರಳು ಕಡಿಮೆ. ದಿನಾ ಶಾಲೆ ಬಿಟ್ಟ ಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಆಡುತ್ತಿದ್ದವನು ಅವನೇ. "ಗೆರೆ ಮುಟ್ಟಲಿಲ್ಲ ಕಣೋ" ಅಂದೆ. ಮರುದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ಹತ್ತನೇ ತರಗತಿಯ ಕೊನೆಗೆ ಅವನು ನನಗಿಂತ ಒಂದು ಗೇಣು ಉದ್ದವಾಗಿದ್ದ. ಯಾರೂ ಮತ್ತೆ ಗೋಡೆಗೆ ನಿಲ್ಲಿಸಲಿಲ್ಲ, ನಾನೂ ಸೇರಿದಂತೆ. ಅವನು ದೊಡ್ಡ ಆಟಗಾರನಾಗುತ್ತಿದ್ದ ಎಂದು ಹೇಳಲಾರೆ. ಇನ್ನೂ ಎರಡು ವರ್ಷ ಆಡುತ್ತಿದ್ದ ಎಂದಂತೂ ಹೇಳಬಲ್ಲೆ. ಈ ಶಾಮಿಯಾನ ಹಾಕಿಸಿದವನು ಅವನೇ. ಈ ಮಾತನ್ನು ಇಲ್ಲಿ ಹೇಳಲೇ ಎಂದು ನಿನ್ನೆ ಕೇಳಿದೆ. "ಹೇಳು, ಹೆಸರು ಮಾತ್ರ ಬೇಡ" ಅಂದ.

ನನ್ನ ತಕರಾರು ಇಷ್ಟೇ. ಆಯ್ಕೆ ಬೇಡ ಎನ್ನುವುದಿಲ್ಲ. ಪಂದ್ಯಕ್ಕೆ ಹನ್ನೆರಡೇ ಜನ ಹೋಗಬೇಕು. ಆದರೆ ಹದಿಮೂರನೆಯವರಿಂದ ಇಪ್ಪತ್ತನಾಲ್ಕನೆಯವರವರೆಗೆ ಹುಡುಗರದ್ದೊಂದು, ಹುಡುಗಿಯರದ್ದೊಂದು ಎರಡನೆಯ ತಂಡ ಇರಲಿ. ವಾರಕ್ಕೆ ಎರಡು ದಿನ ಅಂಕಣ ಅವರದ್ದು. ಆರು ತಿಂಗಳಿಗೊಮ್ಮೆ ಮತ್ತೆ ನೋಡೋಣ. ಇದಕ್ಕೆ ಹೆಚ್ಚಿಗೆ ಬೇಕಾಗುವುದು ಎಂಟು ಚೆಂಡು ಮತ್ತು ಸಂಜೆ ಒಬ್ಬರು ನಿಲ್ಲುವುದು. ಚೆಂಡಿನ ದುಡ್ಡನ್ನು ಇವತ್ತೇ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಹುಡುಗಿಯರಿಗೆ ಆರನೇ ಅಳತೆಯ ಚೆಂಡು, ಹುಡುಗರಿಗೆ ಏಳನೆಯದು. ದಯವಿಟ್ಟು ಎಲ್ಲವನ್ನೂ ಏಳನೆಯದೇ ತರಬೇಡಿ. ಸಂಜೆ ನಿಲ್ಲುವ ಕೆಲಸಕ್ಕೆ ಶಾಮಿಯಾನದವನು ಒಪ್ಪಿದ್ದಾನೆ.

ಹಿಂದಿನ ಸಾಲಿನಿಂದ ನಾಲ್ಕು ಜನ ಎದ್ದು ಆಗಲೇ ಅಂಕಣಕ್ಕೆ ಹೋಗಿಯಾಯಿತು, ಚೆಂಡು ಪುಟಿಯುವ ಸದ್ದು ಕೇಳುತ್ತಿದೆ. ಉಳಿದವರನ್ನು ಇನ್ನು ಹಿಡಿದಿಡುವುದಿಲ್ಲ.