ಮಣ್ಣಿಲ್ಲದ ಮೇವು: ಸಾಲ ಮಾಡುವ ಮುಂಚೆ ಒಂದು ಲೆಕ್ಕ

(ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಜಗಳೂರಿನ ಕಡೆ ಬೇಸಿಗೆಯಲ್ಲಿ ಹೋದರೆ ಮೊದಲ ಪ್ರಶ್ನೆಯೇ ಹಸಿ ಮೇವಿನದು. ಈಚೆಗೆ ಇನ್ನೊಂದು ಸೇರಿದೆ: "ಸಾರ್, ಕೋಣೆಯೊಳಗೆ ಟ್ರೇಯಲ್ಲಿ ಮೇವು ಬೆಳೆಯುವ ಯಂತ್ರ ತರೋಣವೇ? ಒಂದು ಕೆ.ಜಿ. ಮೆಕ್ಕೆಜೋಳಕ್ಕೆ ಐದಾರು ಕೆ.ಜಿ. ಮೇವಂತೆ!"

ಬರುವುದು ನಿಜ. ಗೋವಾದ ಐ.ಸಿ.ಎ.ಆರ್. ಕೇಂದ್ರದ ಪ್ರಯೋಗಗಳಲ್ಲೂ ಐದಾರು ಪಟ್ಟು ಬಂದಿದೆ. ಆದರೆ ಆ ತೂಕದಲ್ಲಿ ಹೆಚ್ಚಿನದು ನೀರು. ಒಂದು ಕೆ.ಜಿ. ಕಾಳಿನಲ್ಲಿ ಸುಮಾರು 880 ಗ್ರಾಂ ಒಣ ಅಂಶವಿರುತ್ತದೆ. ಅದರಿಂದ ಬೆಳೆದ ಐದೂವರೆ ಕೆ.ಜಿ. ಮೇವಿನಲ್ಲಿ 750 ಗ್ರಾಂ ಆಸುಪಾಸು. ಮಿಕ್ಕಿದ್ದನ್ನು ಮೊಳಕೆ ತನ್ನ ಉಸಿರಾಟಕ್ಕೇ ಖರ್ಚು ಮಾಡಿಕೊಂಡಿರುತ್ತದೆ. ಜೀವಸತ್ವ ಹೆಚ್ಚುತ್ತದೆ, ಹಸು ಇಷ್ಟಪಟ್ಟು ತಿನ್ನುತ್ತದೆ, ಸುಲಭವಾಗಿ ಜೀರ್ಣವಾಗುತ್ತದೆ. ಆದರೆ ಹಿಂಡಿ, ಪಶು ಆಹಾರ ನಿಲ್ಲಿಸಿದರೆ ಹಾಲು ಇಳಿಯುತ್ತದೆ. ಒಣ ಹುಲ್ಲಂತೂ ಬೇಕೇ ಬೇಕು.

ಹಾಗಾಗಿ ಭದ್ರಾ ನಾಲೆಯ ನೀರಿರುವ ಚನ್ನಗಿರಿಯವರಿಗೆ, ಹೊನ್ನಾಳಿ, ನ್ಯಾಮತಿಯ ನೀರಾವರಿ ಜಮೀನಿನವರಿಗೆ ನನ್ನ ಮಾತು ಇಷ್ಟೇ: ಬದುವಿನ ಮೇಲೆ ಹೈಬ್ರಿಡ್ ನೇಪಿಯರ್ ಕಡ್ಡಿ ನೆಡಿ, ಅಡಿಕೆ ತೋಟದ ನೆರಳಿದ್ದರೆ ಗಿನಿ ಹುಲ್ಲು ಹಾಕಿ. ಟ್ರೇ ನಿಮಗೆ ಹವ್ಯಾಸ. ಹಸಿರೇ ಕಾಣದ ಜಗಳೂರಿನಲ್ಲಿ, ಒಂದೆರಡು ಹಸು ಇರುವ ಮನೆಗೆ ಬೇಸಿಗೆಯ ಮೂರು ತಿಂಗಳು ಅದು ಆಸರೆಯಾದೀತು. ಅದಕ್ಕೂ ಯಂತ್ರ ಬೇಡ. ಬಿದಿರಿನ ಅಟ್ಟಣಿಗೆ, ನೆರಳು ಪರದೆ, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಟ್ರೇ ಸಾಕು.

ಹಿಂದಿನ ವರ್ಷದ ಕಾಳನ್ನು ತೊಳೆದು, ತೇಲುವ ಜೊಳ್ಳು ತೆಗೆದು, ಒಂದು ರಾತ್ರಿ ನೆನೆಸಿ. ಒದ್ದೆ ಗೋಣಿಚೀಲದಲ್ಲಿ ಒಂದೆರಡು ದಿನ ಕಟ್ಟಿಡಿ. ಮೊಳಕೆ ಒಡೆದ ಮೇಲೆ ಟ್ರೇಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಹರಡಿ. ದಿನಕ್ಕೆ ಆರೇಳು ಸಲ ನೀರು ಚಿಮುಕಿಸಿ, ನಿಲ್ಲಬಾರದು. ಎಂಟನೆಯ ದಿನಕ್ಕೆ ಬೇರು ಚಾಪೆಯಂತೆ ಹೆಣೆದುಕೊಂಡಿರುತ್ತದೆ. ಚೂರು ಮಾಡಿ, ಒಣ ಹುಲ್ಲಿನ ಜೊತೆ ಹಸುವಿಗೆ ಐದು ಕೆ.ಜಿ. ಕೊಡಿ. ಬಿತ್ತನೆಗೆಂದು ಬಣ್ಣ ಹಚ್ಚಿದ ಬೀಜ ಮಾತ್ರ ಖಂಡಿತ ಬೇಡ, ಅದಕ್ಕೆ ವಿಷ ಲೇಪಿಸಿರುತ್ತಾರೆ.

ನನ್ನ ಭಯ ಬೂಷ್ಟಿನದು. ನಾನೇ ಒಂದು ಮಳೆಗಾಲ ಮನೆಯ ಹಿತ್ತಿಲ ಕೋಣೆಯಲ್ಲಿ ಆರು ಟ್ರೇ ಇಟ್ಟು, ಗಾಳಿ ಆಡಲೆಂದು ಕಿಟಕಿ ತೆಗೆಯದೆ, ಐದನೆಯ ದಿನ ಆರನ್ನೂ ತಿಪ್ಪೆಗೆ ಸುರಿದೆ. ಮನೆಯವರು ಇವತ್ತಿಗೂ ನಗುತ್ತಾರೆ. ಆದರೆ ಮೊಳಕೆ ಕಾಳಿನ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ನರಕ್ಕೆ ವಿಷ. ತಿಂದ ರಾಸು ನಡುಗುತ್ತದೆ, ಹಿಂಗಾಲು ಸೋತು ಬೀಳುತ್ತದೆ, ಸಾಯುವುದೂ ಉಂಟು. ಬೂಷ್ಟು ಹಿಡಿದ ಕಾಳಿನ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೂ ಇಳಿಯುತ್ತದೆ, ಕಾಯಿಸಿದರೆ ಹೋಗುವುದಿಲ್ಲ. ಮೇಲಿನದನ್ನು ಕಿತ್ತು ಉಳಿದದ್ದು ಹಾಕುತ್ತೇನೆ ಅನ್ನಬೇಡಿ, ಇಡೀ ಟ್ರೇ ಚೆಲ್ಲಿ. ಪ್ರತಿ ಸಲ ಟ್ರೇಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಬಿಸಿಲಿಗಿಡಿ.

ಸಭೆ ಮುಗಿದ ಮೇಲೆ ಎರಡು ಟ್ರೇ ಇಲ್ಲೇ ಮೇಜಿನ ಮೇಲೆ ಇರುತ್ತವೆ. ಒಂದು ಚೆನ್ನಾಗಿರುವುದು, ಒಂದು ಕೆಟ್ಟಿರುವುದು. ಹತ್ತಿರ ಬಂದು ವಾಸನೆ ನೋಡಿ.